ಯೆರೂಸಲೇಮಿನ ದಾನಪತ್ರಗಳು

ಅಳಿದುಹೋದ ರಾಜ್ಯವೊಂದರ ಚರಿತ್ರೆಯನ್ನು ಬರೆಯತಕ್ಕವನಿಗೆ ಅರಸರ ಕೋಟೆಕೊತ್ತಲಗಳಿಗಿಂತ ದೇವಾಲಯಗಳ ದಫ್ತರಗಳೇ ಹೆಚ್ಚು ನೆರವಾಗುವುದುಂಟು. ಕ್ರೂಸೇಡ್ ಎಂಬ ಧರ್ಮಯುದ್ಧದ ಫಲವಾಗಿ ಸಿರಿಯಾ ಮತ್ತು ಪ್ಯಾಲೆಸ್ತೀನ್ ದೇಶಗಳಲ್ಲಿ ಎದೆಸ್ಸಾ, ಅಂತಿಯೋಕ್ಯ, ತ್ರಿಪೋಲಿ, ಯೆರೂಸಲೇಮು ಎಂಬ ನಾಲ್ಕು ಲ್ಯಾಟಿನ್ ರಾಜ್ಯಗಳು ಹುಟ್ಟಿಕೊಂಡವು. ಇವುಗಳಲ್ಲಿ ಮುಖ್ಯವಾದ ಯೆರೂಸಲೇಮಿನ ರಾಜ್ಯವು 1099ರಲ್ಲಿ ಸ್ಥಾಪಿತವಾಗಿ 1291ರಲ್ಲಿ ನಾಮಾವಶೇಷವಾಯಿತು. ಈ 192 ವರ್ಷಗಳಲ್ಲಿ ಅರಸರ ಅರಮನೆಯಲ್ಲಿ ಕೂಡಿಟ್ಟಿದ್ದ ದಫ್ತರವು ಸಂಪೂರ್ಣವಾಗಿ ನಾಶವಾಗಿದೆ. ಸಾಮಂತರ ಮನೆಗಳಲ್ಲಿದ್ದ ಕಾಗದಪತ್ರಗಳದೂ ಬಹುಮಟ್ಟಿಗೆ ಅದೇ ಗತಿ. ಆ ರಾಜ್ಯದ ಧರ್ಮಶಾಸನಗಳನ್ನು ಪವಿತ್ರ ಸಮಾಧಿಯ ದೇವಾಲಯದಲ್ಲಿ ಒಂದು ಪೆಟ್ಟಿಗೆಯಲ್ಲಿಟ್ಟಿದ್ದರೆಂದೂ 1187ರಲ್ಲಿ ಪಟ್ಟಣವು ಕೈಬಿಟ್ಟಾಗ ಅವು ಕಳೆದುಹೋದುವೆಂದೂ 13ನೆಯ ಶತಮಾನದ ಅಲ್ಲಿಯ ನ್ಯಾಯವೇತ್ತರು ಹೇಳಿಕೊಂಡು ಬಂದರು. ಆದರೂ ಆ ಕಾಲದ ಹಳ್ಳಿ, ಹೊಲ, ತೋಟ, ಗಿರಣಿ, ಅಂಗಡಿಗಳ ವಿಷಯವಾಗಿ ಇಂದಿಗೂ ವಿವರವಾಗಿ ತಿಳಿಯುವುದು ಸಾಧ್ಯವಾಗಿದೆ. ಅದಕ್ಕೆ ಕಾರಣವೆಂದರೆ ದೇವಾಲಯಗಳೂ ಮಠಗಳೂ ತಮಗೆ ದೊರೆತ ದತ್ತಿಯ ಪತ್ರಗಳನ್ನು ಜೋಪಾನವಾಗಿ ಕಾಯ್ದು, ನಕಲು ತೆಗೆಸಿ, ಸಂಕಟಕಾಲದಲ್ಲಿ ಹೊತ್ತುಕೊಂಡು ಹೋದುದೇ ಆಗಿದೆ.

ಈ ದತ್ತಿಗಳ ಮೂಲವನ್ನು ಹುಡುಕಿದರೆ ಕತ್ತಿಯ ಬಳಿಗೆ ಬರಬೇಕಾಗುತ್ತದೆ. 1099ನೆಯ ಇಸವಿ ಜುಲೈ 15ರಂದು ಯೆರೂಸಲೇಮು ಪಟ್ಟಣವನ್ನು ಹಿಡಿದ ಫ್ರಾಂಕರು ಅದರ ನಿವಾಸಿಗಳಲ್ಲಿ ಬಹು ಮಂದಿಯನ್ನು ಕೊಂದರು. ಕೆಲವು ದಿನಗಳಲ್ಲಿಯೇ ಗಾಡ್‌ಫ್ರಿ ಎಂಬ ಪ್ರಭುವನ್ನು ರಾಜ್ಯಾಡಳಿತಕ್ಕಾಗಿ ಆರಿಸಿದರು. ಆತನು ಅರಸನೆಂಬ ಬಿರುದನ್ನು ಧರಿಸಲಿಲ್ಲ. ಯೇಸುಕ್ರಿಸ್ತನ ಸಮಾಧಿಯ ಮೇಲೆ ಕಟ್ಟಿದ ಮಹಾದೇವಾಲಯದಲ್ಲಿ ಪೂಜಾವಿಧಿಗಳು ನಡೆಯುವುದಕ್ಕಾಗಿ ಆತನು ಕ್ಯಾನನ್ ಎಂಬ ಹೆಸರಿನ 20 ಮಂದಿ ಪಾದ್ರಿಗಳನ್ನು ನೇಮಿಸಿ, ಅವರ ಜೀವನಕ್ಕೆ ಪಟ್ಟಣದ ಉತ್ತರದಲ್ಲಿದ್ದ 21 ಹಳ್ಳಿಗಳನ್ನು ಬಿಟ್ಟುಕೊಟ್ಟನೆಂದು ಹೇಳಿದೆ. ಆ ಹಳ್ಳಿಗಳಲ್ಲಿ ಕಲ್ಲು ಬೆಟ್ಟಗಳ ಇಳಿಜಾರಿನಲ್ಲಿ ಆಲಿವ್ ಮರಗಳನ್ನೂ ದ್ರಾಕ್ಷಿಯನ್ನೂ ಬೆಳೆದುಕೊಂಡು ತಲೆತಲಾಂತರದಿಂದ ಇದ್ದ ಒಕ್ಕಲುಗಳಿದ್ದರು. ನೆಲವು ಒಡೆಯನಿಂದ ಒಡೆಯನಿಗೆ ಹೋದಾಗ ಅವರ ಒಪ್ಪಿಗೆಯನ್ನು ಕೇಳುವ ಪದ್ಧತಿಯು ಆ ಕಾಲದ ಯಾವ ದೊರೆತನದಲ್ಲಿಯೂ ಇರಲಿಲ್ಲ. ಗೆದ್ದವನು ಗೆದ್ದುದನ್ನು ದೇವರಿಗೆ ಕೊಟ್ಟನು. ದೇವರ ಹೆಸರಿನಲ್ಲಿ ಪಾದ್ರಿಗಳು ಅದನ್ನು ಸ್ವೀಕರಿಸಿದರು.

ಆದರೆ ಗೆದ್ದವರೊಳಗೆಯೇ ಒಂದು ದೊಡ್ಡ ಪ್ರಶ್ನೆಯು ತಲೆಯೆತ್ತಿತು. ಪವಿತ್ರ ಪಟ್ಟಣಕ್ಕೆ ಒಡೆಯನಾರು? ಅರಸನೋ ಧರ್ಮಗುರುವೋ? ಪೀಸಾ ಪಟ್ಟಣದ ಆರ್ಚ್‌ಬಿಷಪ್ಪನಾಗಿದ್ದ ಡೈಂಬರ್ಟನು 1099ರ ಕೊನೆಯಲ್ಲಿ ಯೆರೂಸಲೇಮಿನ ಪೇಟ್ರಿಯಾರ್ಕನಾದನು. ಆತನ ಹಿಂದೆ ಪೀಸಾದ ಹಡಗುಗಳ ಬಲವಿದ್ದಿತು. ಆತನ ಒತ್ತಾಯಕ್ಕೆ ಮಣಿದು ಗಾಡ್‌ಫ್ರಿಯು 1100ರಲ್ಲಿ ಮೊದಲು ಯೊಪ್ಪ ಪಟ್ಟಣದ ಕಾಲುಭಾಗವನ್ನೂ, ಬಳಿಕ ಈಸ್ಟರ್ ಹಬ್ಬದಂದು ಯೆರೂಸಲೇಮು ಪಟ್ಟಣವನ್ನೂ ದಾವೀದನ ಬುರುಜನ್ನೂ ದೇವಾಲಯಕ್ಕೆ ಒಪ್ಪಿಸುವುದಾಗಿ ಮಾತು ಕೊಟ್ಟನೆಂದು ಆ ರಾಜ್ಯದ ಚರಿತ್ರಕಾರನಾದ ತೂರಿನ ವಿಲಿಯಂ ಬರೆದಿರುತ್ತಾನೆ. ಅದೇ ಜುಲೈ ತಿಂಗಳಿನಲ್ಲಿ ಗಾಡ್‌ಫ್ರಿ ತೀರಿಕೊಂಡನು. ಆತನ ಕಡೆಯವರು ಬುರುಜನ್ನು ಬಿಟ್ಟುಕೊಡದೆ, ಎದೆಸ್ಸಾದಲ್ಲಿದ್ದ ಆತನ ತಮ್ಮನಾದ ಬಾಲ್ಡ್‌ವಿನ್ನನನ್ನು ಕರೆಸಿದರು. ಆ ವರ್ಷದ ಕ್ರಿಸ್‌ಮಸ್ ದಿನ ಬೇತ್ಲೆಹೇಮಿನಲ್ಲಿ ಬಾಲ್ಡ್‌ವಿನ್ನನಿಗೆ ಪಟ್ಟಾಭಿಷೇಕವಾಯಿತು. ಕಿರೀಟವನ್ನು ಇಟ್ಟವನು ಡೈಂಬರ್ಟನೇ. ಹೀಗೆ ಯೆರೂಸಲೇಮು ಅರಸನ ಪಟ್ಟಣವಾಯಿತೇ ಹೊರತು ಧರ್ಮಗುರುಗಳ ಪಟ್ಟಣವಾಗಲಿಲ್ಲ. ಬಾಯಿಮಾತಿನ ದಾನವು ದಾತನು ಸತ್ತಕೂಡಲೇ ಎಷ್ಟು ಹಗುರವಾಗುವುದೆಂಬುದನ್ನು ದೇವಾಲಯದವರು ಅಂದು ಚೆನ್ನಾಗಿ ಕಲಿತಿರಬೇಕು.

1114ರಲ್ಲಿ ಪೇಟ್ರಿಯಾರ್ಕ್ ಆರ್ನುಲ್ಫನು ಪವಿತ್ರ ಸಮಾಧಿಯ ಕ್ಯಾನನ್ನರನ್ನು ಸಂತ ಅಗಸ್ಟೀನನ ನಿಯಮಕ್ಕೆ ಒಳಪಡಿಸಿದನು. ಅಲ್ಲಿಂದ ಮುಂದೆ ಅವರು ಬೇರೆ ಬೇರೆ ಮನೆಮಾಡಿಕೊಂಡಿರದೆ ಒಂದೇ ಪಂಕ್ತಿಯಲ್ಲಿ ಉಂಡು, ಸ್ವಂತ ಆಸ್ತಿಯನ್ನು ತೊರೆದು ಬಾಳಬೇಕಾಯಿತು. ಒಬ್ಬೊಬ್ಬನ ಪಾಲು ಹೋಗಿ ಸಮುದಾಯದ ಆಸ್ತಿ ಎಂಬುದು ಏರ್ಪಟ್ಟುದರಿಂದ, ಆ ಆಸ್ತಿ ಏನೇನೆಂಬುದನ್ನು ಬರೆದಿಡುವುದು ಅವಶ್ಯವಾಯಿತು. ಬಾಲ್ಡ್‌ವಿನ್ ಅರಸನು ತನ್ನ ಅಣ್ಣನು ಕೊಟ್ಟುದನ್ನೆಲ್ಲ ಪತ್ರಮುಖೇನ ಸ್ಥಿರಪಡಿಸಿದನು. ಬಳಿಕ ಬಂದ ಅರಸರೂ ಪೋಪರೂ ಅದನ್ನೇ ಮತ್ತೆ ಮತ್ತೆ ಸ್ಥಿರಪಡಿಸಿದರು. ಒಂದೇ ಹಳ್ಳಿಯ ಹೆಸರು ನಾಲ್ಕಾರು ಪತ್ರಗಳಲ್ಲಿ ಬರುವುದನ್ನು ಕಂಡು ಬೇಸರಪಡುವ ಓದುಗನು, ಪ್ರತಿಯೊಂದು ಪಟ್ಟಾಭಿಷೇಕವೂ ಹಳೆಯ ಹಕ್ಕುಗಳಿಗೆ ಒಂದು ಗಂಡಾಂತರವಾಗಿತ್ತೆಂಬುದನ್ನು ನೆನೆಯಬೇಕು.

ಇಂತಹ ಪತ್ರವು ಲ್ಯಾಟಿನ್ ಭಾಷೆಯಲ್ಲಿ ತೊಗಲಿನ ಹಾಳೆಯ ಮೇಲೆ ಬರೆಯಲ್ಪಡುತ್ತಿತ್ತು. ಆರಂಭದಲ್ಲಿ ತ್ರಯೈಕ್ಯ ದೇವರ ನಾಮಸ್ಮರಣೆ, ಬಳಿಕ ದಾತನ ಹೆಸರೂ ಬಿರುದೂ, ತನ್ನ ಮತ್ತು ತನ್ನ ತಾಯಿತಂದೆಗಳ ಆತ್ಮದ ಸದ್ಗತಿಗಾಗಿ ಕೊಡುತ್ತಿದ್ದೇನೆಂಬ ಒಕ್ಕಣೆ, ಕೊಟ್ಟ ವಸ್ತುವಿನ ವಿವರ ಮತ್ತು ಎಲ್ಲೆ, ಸಾಕ್ಷಿಗಳ ಹೆಸರು, ಇಸವಿ, ಇವು ಅದರ ಅಂಗಗಳು. ಅರಸನ ಪತ್ರವಾದರೆ ಸೀಸದ ಮುದ್ರೆಯನ್ನು ತೂಗುಬಿಡುತ್ತಿದ್ದರು. ಮುದ್ರೆಯ ಒಂದು ಬದಿಯಲ್ಲಿ ಸಿಂಹಾಸನಾರೂಢನಾದ ಅರಸನ ಆಕೃತಿ. ಇನ್ನೊಂದು ಬದಿಯಲ್ಲಿ ದಾವೀದನ ಬುರುಜು, ಪವಿತ್ರ ಸಮಾಧಿಯ ದೇವಾಲಯ, ಮುಸಲ್ಮಾನರು ಕಟ್ಟಿದ ಬಂಡೆಯ ಗುಮ್ಮಟ, ಈ ಮೂರೂ ಕೂಡಿದ ಪಟ್ಟಣದ ಚಿತ್ರ. ಆ ಗುಮ್ಮಟವನ್ನು ಫ್ರಾಂಕರು ಪ್ರಭುವಿನ ಮಂದಿರವೆಂದು ಕರೆದು ಕ್ರೈಸ್ತ ದೇವಾಲಯವನ್ನಾಗಿ ಮಾಡಿಕೊಂಡಿದ್ದರು.

ದಾನವಾಗಿ ಬಂದ ವಸ್ತುಗಳ ಪಟ್ಟಿಯನ್ನು ನೋಡಿದರೆ ಆ ದೇಶದ ಬಾಳುವೆಯೇ ಕಣ್ಣಿಗೆ ಕಟ್ಟುತ್ತದೆ. ಹಳ್ಳಿಗೆ ಕಸಾಲೆ ಎಂದೂ, ಒಕ್ಕಲು ಬಿಟ್ಟುಹೋಗಿ ಬೀಳುಬಿದ್ದ ನೆಲಕ್ಕೆ ಗಾಸ್ತಿನಾ ಎಂದೂ ಹೆಸರು. ನೆಲವನ್ನು ನೇಗಿಲುಗಳ ಲೆಕ್ಕದಿಂದ ಅಳೆಯುತ್ತಿದ್ದರು. ಇವಲ್ಲದೆ ರೊಟ್ಟಿ ಸುಡುವ ಒಲೆಮನೆಗಳು, ನೀರಿನ ಗಿರಣಿಗಳು, ಸ್ನಾನದ ಮನೆಗಳು, ಹಣ ಬದಲಾಯಿಸುವವರ ಕಟ್ಟೆಗಳು ದಾನವಾಗಿ ಬರುತ್ತಿದ್ದವು. ಕೆಲವೊಮ್ಮೆ ಇಂಥಿಂಥ ಒಕ್ಕಲಿಗರು, ಅವರ ಹೆಂಡಿರು ಮಕ್ಕಳೊಡನೆ, ಎಂದು ಜನರ ಹೆಸರುಗಳೇ ದಾನದ ಪಟ್ಟಿಯಲ್ಲಿ ಸೇರಿರುತ್ತವೆ. ಹಳ್ಳಿಗನೊಬ್ಬನ ಹೆಸರು ಎಂಟು ನೂರು ವರ್ಷಗಳ ಮೇಲೂ ಉಳಿದು ಬಂದಿರುವುದು ಆತನು ಏನನ್ನಾದರೂ ಮಾಡಿದುದಕ್ಕಾಗಿ ಅಲ್ಲ, ಆತನನ್ನು ಯಾರೋ ಯಾರಿಗೋ ಕೊಟ್ಟುದಕ್ಕಾಗಿ.

ಆ ಒಕ್ಕಲುಗಳ ಬಾಳು ಹೇಗಿತ್ತೆಂಬುದನ್ನು ಪತ್ರಗಳು ಹೇಳುವುದಿಲ್ಲ. ಸ್ಪೇನ್ ದೇಶದ ಮುಸಲ್ಮಾನ ಯಾತ್ರಿಕನಾದ ಇಬ್ನ್ ಜುಬೈರನು 1184ರಲ್ಲಿ ತಿಬ್ನೀನ್ ಕೋಟೆಯಿಂದ ಅಕ್ಕೋ ಪಟ್ಟಣಕ್ಕೆ ಹೋಗುವ ದಾರಿಯಲ್ಲಿ ಕಂಡುದನ್ನು ಬರೆದಿಟ್ಟಿದ್ದಾನೆ. ಅಲ್ಲಿಯ ಮುಸಲ್ಮಾನ ರೈತರು ಸುಗ್ಗಿಯಲ್ಲಿ ಅರ್ಧ ಬೆಳೆಯನ್ನೂ ತಲೆಗೆ ಒಂದು ದೀನಾರು ಐದು ಕಿರಾತುಗಳನ್ನೂ, ಹಣ್ಣಿನ ಮರಗಳ ಮೇಲೆ ಅಲ್ಪ ಸುಂಕವನ್ನೂ ಫ್ರಾಂಕರಿಗೆ ಸಲ್ಲಿಸುತ್ತಿದ್ದರು. ಉಳಿದಂತೆ ತಮ್ಮ ಮನೆಮಾರುಗಳಿಗೆ ತಾವೇ ಒಡೆಯರಾಗಿದ್ದರು. ತಮ್ಮ ಮತದ ಪ್ರಭುಗಳ ಕೆಳಗಿರುವವರಿಗಿಂತ ಇವರು ನೆಮ್ಮದಿಯಿಂದಿದ್ದಾರೆಂದು ಆ ಯಾತ್ರಿಕನು ದುಃಖದಿಂದ ಬರೆಯುತ್ತಾನೆ. ಅವನು ಕಂಡುದು ಒಂದು ದಾರಿಯ ಇಕ್ಕೆಲದ ಹಳ್ಳಿಗಳನ್ನು ಮಾತ್ರ. ಆದರೂ ಕೊಟ್ಟವನ ಮತ್ತು ಕೊಂಡವನ ಮಾತುಗಳಿಂದಲೇ ತುಂಬಿದ ಪತ್ರಗಳ ನಡುವೆ ಮೂರನೆಯವನೊಬ್ಬನ ಸಾಕ್ಷಿಯು ಬೆಲೆಯುಳ್ಳದ್ದಾಗಿದೆ.

ಹಳ್ಳಿಗಳಲ್ಲದೆ ದೇವಾಲಯಕ್ಕೆ ಇನ್ನೊಂದು ಆದಾಯವಿತ್ತು. ಅದೇ ದಶಮಾಂಶ, ಅಂದರೆ ಹುಟ್ಟುವಳಿಯಲ್ಲಿ ಹತ್ತರಲ್ಲೊಂದು ಭಾಗ. ಅರಸನೂ ಸಾಮಂತರೂ ತಮ್ಮ ತಮ್ಮ ಉತ್ಪತ್ತಿಯಿಂದ ಇದನ್ನು ಬಿಷಪ್ಪರಿಗೆ ತೆಗೆದುಕೊಡಬೇಕಾಗಿತ್ತು. ಮೊದಲ ಇಪ್ಪತ್ತು ವರ್ಷಗಳಲ್ಲಿ ಅವರು ಇದನ್ನು ಸರಿಯಾಗಿ ಕೊಡಲಿಲ್ಲವೆಂಬುದು ಸ್ಪಷ್ಟ. 1119ರಲ್ಲಿ ಅಂತಿಯೋಕ್ಯದ ಸೈನ್ಯವು ಯುದ್ಧದಲ್ಲಿ ನಿರ್ನಾಮವಾದಾಗ ಇದು ತಮ್ಮ ಪಾಪದ ಫಲವೆಂದು ಫ್ರಾಂಕರು ಭಯಗೊಂಡರು. ಮರುವರ್ಷ, 1120ರಲ್ಲಿ, ನಾಬ್ಲಸ್ ಪಟ್ಟಣದಲ್ಲಿ ಸಭೆ ಸೇರಿ 25 ಕಟ್ಟಳೆಗಳನ್ನು ಮಾಡಿದರು. ಅವುಗಳಲ್ಲಿ ಮೊದಲನೆಯವು ದಶಮಾಂಶದ ವಿಷಯವೇ. ಎರಡನೆಯ ಬಾಲ್ಡ್‌ವಿನ್ ಅರಸನು ತಾನು ತಡೆಹಿಡಿದ ದಶಮಾಂಶಗಳನ್ನು ಪೇಟ್ರಿಯಾರ್ಕ್ ವಾರ್ಮಂಡನಿಗೆ ಬಿಟ್ಟುಕೊಟ್ಟು ಕ್ಷಮೆ ಬೇಡಿದನು. ರಾಜ್ಯದ ಈ ಹಿರಿಯ ಶಾಸನವು ಇಂದು ಉಳಿದಿರುವುದು ಸೀದೋನ್ ಪಟ್ಟಣದ ದೇವಾಲಯಕ್ಕೆ ಸೇರಿದ್ದ ಒಂದೇ ಒಂದು ಹಸ್ತಪ್ರತಿಯಲ್ಲಿ. ಅದು ಈಗ ವ್ಯಾಟಿಕನ್ ಗ್ರಂಥಾಲಯದಲ್ಲಿದೆ.

ಕ್ಯಾನನ್ನರು ತಮ್ಮ ಹಳ್ಳಿಗಳನ್ನು ಹೇಗೆ ನೋಡಿಕೊಂಡರೆಂಬುದಕ್ಕೆ ಎರಡು ನಿದರ್ಶನಗಳು ಸಾಕು. ಗಾಡ್‌ಫ್ರಿ ಕೊಟ್ಟ 21 ಹಳ್ಳಿಗಳಲ್ಲಿ ಒಂದಾದ ಅಲ್‌ಬೀರಾ ಎಂಬಲ್ಲಿ ಅವರು ಯೂರೋಪಿನಿಂದ ಬಂದ ಕುಟುಂಬಗಳನ್ನು ನೆಲೆಗೊಳಿಸಿದರು. ಫ್ರಾಂಕರು ಆ ಊರನ್ನು ಮಾಗ್ನಾ ಮಹುಮೆರಿಯಾ ಎಂದು ಕರೆಯುತ್ತಿದ್ದರು. 1156ರ ಸುಮಾರಿನಲ್ಲಿ ಅಲ್ಲಿಯವರು ಕ್ಯಾನನ್ನರಿಗೆ ನಿಷ್ಠೆಯ ಪ್ರಮಾಣವನ್ನು ಮಾಡಿದ ಹೆಸರುಗಳ ಪಟ್ಟಿಯೊಂದು ಉಳಿದಿದೆ. ಓವೆರ್ನ್, ಗ್ಯಾಸ್ಕನಿ, ಬರ್ಗಂಡಿ, ಲೊಂಬಾರ್ಡಿ, ಕತಲೋನಿಯ ಮೊದಲಾದ ನಾಡುಗಳ ಬಡಗಿಗಳೂ ಕಮ್ಮಾರರೂ ತೋಟಗಾರರೂ ಅದರಲ್ಲಿ ಕಾಣಸಿಗುತ್ತಾರೆ. ಕತ್ತಿ ಹಿಡಿದು ಬಂದವರಷ್ಟೇ ಅಲ್ಲ, ಗುದ್ದಲಿ ಹಿಡಿದು ಬಂದವರೂ ಆ ರಾಜ್ಯದಲ್ಲಿ ಬೇರೂರಲೆಳಸಿದರೆಂಬುದಕ್ಕೆ ಈ ಪಟ್ಟಿಯು ಸಾಕ್ಷಿ. ಇನ್ನೊಂದು ಹಳ್ಳಿ ಕಲಂದಿಯಾ. ಅಲ್ಲಿಯ ದ್ರಾಕ್ಷಿಯ ತೋಟಗಳನ್ನು 1151ರಲ್ಲಿ ನೇಮೆಸ್ ಎಂಬ ಸಿರಿಯನ್ ಕ್ರೈಸ್ತನಿಗೂ ಆತನ ಮನೆಯವರಿಗೂ ಗೇಣಿಗೆ ಕೊಟ್ಟರು. ಬೆಳೆಯಲ್ಲಿ ದೇವಾಲಯಕ್ಕೆ ಪಾಲು ಸಲ್ಲಬೇಕಾಗಿತ್ತು. ಮೊದಲನೆಯ ಊರಿನಲ್ಲಿ ಹೊರಗಿನಿಂದ ಬಂದವನು ಪ್ರಮಾಣ ಮಾಡಿ ನೆಲವನ್ನು ಪಡೆದನು. ಎರಡನೆಯದರಲ್ಲಿ ಆ ನಾಡಿನವನೇ ಆ ನಾಡಿನ ಮಣ್ಣಿಗೆ ಗೇಣಿ ತೆತ್ತನು.

ಅರಸು ಮನೆತನದ ಇಚ್ಛೆಗೂ ದೇವಾಲಯದ ಹಕ್ಕಿಗೂ ಇಕ್ಕಟ್ಟು ಬಂದಾಗ ಏನಾಗುತ್ತಿತ್ತೆಂಬುದನ್ನು ಬೇಥಾನ್ಯದ ಪ್ರಸಂಗವು ತೋರಿಸುತ್ತದೆ. ಎರಡನೆಯ ಬಾಲ್ಡ್‌ವಿನ್ನನ ಹಿರಿಯ ಮಗಳಾದ ಮೆಲಿಸಾಂದ್ ರಾಣಿಯು 1131ರಿಂದ ತನ್ನ ಪತಿಯಾದ ಫುಲ್ಕನೊಡನೆ ರಾಜ್ಯವನ್ನಾಳಿದಳು. ಆಕೆಯ ಕಿರಿಯ ತಂಗಿ ಇವೇತಾ ಚಿಕ್ಕಂದಿನಲ್ಲಿ ತಂದೆಯ ಬಿಡುಗಡೆಗಾಗಿ ಶತ್ರುಗಳ ಕೈಯಲ್ಲಿ ಒತ್ತೆಯಾಗಿದ್ದು ಬಂದವಳು, ಮುಂದೆ ಸಂನ್ಯಾಸಿನಿಯಾದಳು. ಅರಸುಮಗಳು ಇನ್ನೊಬ್ಬಳ ಕೈಕೆಳಗೆ ಸಾಮಾನ್ಯಳಂತೆ ಇರುವುದು ತರವಲ್ಲವೆಂದು ಬಗೆದು ರಾಣಿಯು ತಂಗಿಗಾಗಿ ಹೊಸ ಮಠವೊಂದನ್ನು ಕಟ್ಟಿಸಲೆಳಸಿದಳು. ಲಾಜರನ ಊರಾದ ಬೇಥಾನ್ಯವು ಆಕೆಗೆ ಮೆಚ್ಚಿಕೆಯಾಯಿತು. ಆದರೆ ಬೇಥಾನ್ಯವು ಪವಿತ್ರ ಸಮಾಧಿಯ ಕ್ಯಾನನ್ನರದು. ರಾಣಿಯು ಅದನ್ನು ಕಿತ್ತುಕೊಳ್ಳಲಿಲ್ಲ. 1138ರಲ್ಲಿ ಪತ್ರವಾಯಿತು: ಕ್ಯಾನನ್ನರು ಬೇಥಾನ್ಯವನ್ನು ಬಿಟ್ಟುಕೊಟ್ಟು ಅದಕ್ಕೆ ಬದಲಾಗಿ ತೆಕೋವ ಎಂಬ ಊರನ್ನು ಪಡೆದರು. ತೆಕೋವದವರಿಗೆ ಮೃತಸಮುದ್ರದ ದಡದಲ್ಲಿ ಉಪ್ಪನ್ನೂ ಕಲ್ಲರಗನ್ನೂ ಕೂಡಿಸಿಕೊಳ್ಳುವ ಅನುಮತಿಯು ದೊರೆಯಿತು. ಹೊಸ ಮಠಕ್ಕೆ ರಾಣಿಯು ಯೆರಿಕೋವಿನ ಬಯಲನ್ನೂ ಸೇರಿಸಿ ಹೇರಳವಾಗಿ ಆಸ್ತಿಯನ್ನು ಬಿಟ್ಟಳು. ಮೊದಲು ವೃದ್ಧೆಯೊಬ್ಬಳು ಅಲ್ಲಿಯ ಹಿರಿಯಳಾಗಿದ್ದು, ಆಕೆಯ ಅನಂತರ ಇವೇತಾ ಆ ಪೀಠಕ್ಕೆ ಬಂದಳು.

ಕ್ಯಾನನ್ನರ ಬೆನ್ನಿಗೆ ಅರಸನ ಪತ್ರಗಳಿದ್ದವು. ಅಂತಹ ಆಸರೆಯಿಲ್ಲದವರ ಗತಿಯೇನು? ಲ್ಯಾಟಿನರು ಬರುವುದಕ್ಕೆ ಬಹುಕಾಲ ಮೊದಲೇ ಆ ನಾಡಿನಲ್ಲಿ ಗ್ರೀಕ್, ಅರ್ಮೇನಿಯನ್, ಜಾಕೋಬೈಟ್ ಸಿರಿಯನ್ ಮೊದಲಾದ ಕ್ರೈಸ್ತರಿದ್ದರು. ಅವರಿಗೂ ಮಠಗಳೂ ಹಳ್ಳಿಗಳೂ ಇದ್ದವು. ಯೆರೂಸಲೇಮಿನ ಮಗ್ದಲದ ಮರಿಯಳ ಮಠದಲ್ಲಿದ್ದ ಮೀಖಾಯೇಲ್ ಎಂಬ ಸಿರಿಯನ್ ಸಂನ್ಯಾಸಿಯು 1138ರಲ್ಲಿ ಗ್ರಂಥವೊಂದನ್ನು ಪ್ರತಿಮಾಡಿ ಮುಗಿಸಿ, ಅದರ ಕೊನೆಯಲ್ಲಿ ತನ್ನ ಮಠದ ಎರಡು ಹಳ್ಳಿಗಳ ಕಥೆಯನ್ನು ಬರೆದಿಟ್ಟನು. ದಾನಪತ್ರಗಳಲ್ಲಿ ಎಲ್ಲಿಯೂ ದೊರೆಯದ ಸಂಗತಿಯು ಹೀಗೆ ಲಿಪಿಕಾರನೊಬ್ಬನ ಅಂತ್ಯವಾಕ್ಯದಿಂದ ತಿಳಿದುಬಂದಿದೆ.

ಆ ಹಳ್ಳಿಗಳು ಬೇತ್ ಅರೀಫ್ ಮತ್ತು ಅದೆಸಿಯ್ಯಾ. ಫ್ರಾಂಕರು ಪಟ್ಟಣವನ್ನು ಹಿಡಿದಾಗ ಸಿರಿಯನ್ನರ ಮೇಲ್ಪಾದ್ರಿಯು ಈಜಿಪ್ಟಿಗೆ ಹೋಗಿದ್ದುದರಿಂದ, ಹಳ್ಳಿಗಳು ಒಡೆಯನಿಲ್ಲದ ಸ್ವತ್ತೆಂದು ಎಣಿಸಲ್ಪಟ್ಟು ಗೋಫಿಯೆ ಎಂಬ ಫ್ರಾಂಕ್ ಸರದಾರನ ವಶವಾದವು. ಕೆಲವು ವರ್ಷಗಳಲ್ಲಿ ಆತನು ಈಜಿಪ್ಟಿನವರಿಗೆ ಸೆರೆಸಿಕ್ಕಿದನು. ಆತನು ಮರಳಿ ಬರುವ ಆಸೆಯು ಉಳಿಯಲಿಲ್ಲ. ಆಗ ಸಿರಿಯನ್ನರು ಅರಸನಲ್ಲಿ ಮೊರೆಯಿಟ್ಟು ತಮ್ಮ ಹಳ್ಳಿಗಳನ್ನು ಹಿಂದಕ್ಕೆ ಪಡೆದು, ಅಲ್ಲಿ ಕಟ್ಟಡಗಳನ್ನೆಬ್ಬಿಸಿ ಬಾಳಿದರು. ಮೂವತ್ತು ವರ್ಷಗಳಿಗೂ ಮಿಕ್ಕಿ ಕಾಲ ಸಂದಿತು. 1137ರಲ್ಲಿ ಮುದುಕನಾದ ಗೋಫಿಯೆ ಸೆರೆಯಿಂದ ಬಿಡುಗಡೆ ಹೊಂದಿ ಯೆರೂಸಲೇಮಿಗೆ ಬಂದು ನಿಂತು ತನ್ನ ಹಳ್ಳಿಗಳನ್ನು ಕೇಳಿದನು. ರಾಜ್ಯವನ್ನು ಗೆದ್ದ ಪೀಳಿಗೆಯಲ್ಲಿ ಉಳಿದಿದ್ದವರು ವಿರಳವಾಗಿದ್ದ ಆ ಕಾಲದಲ್ಲಿ, ಸತ್ತನೆಂದು ಬಗೆದಿದ್ದ ಸರದಾರನನ್ನು ಕಂಡು ಜನರಿಗೆ ಕನಿಕರವುಂಟಾದುದು ಸಹಜವೇ. ಫುಲ್ಕ್ ಅರಸನು ಹಳ್ಳಿಗಳನ್ನು ಆತನಿಗೆ ಬಿಟ್ಟುಕೊಡಬೇಕೆಂದು ಒಲವು ತೋರಿದನು. ಸಿರಿಯನ್ನರ ಮೇಲ್ಪಾದ್ರಿಯಾದ ಇಗ್ನಾತಿಯಸನು ಮೆಲಿಸಾಂದ್ ರಾಣಿಯ ಮೊರೆಹೊಕ್ಕನು. ಆಕೆಯ ತಾಯಿ ಮಾರ್ಫಿಯಾ ಅರ್ಮೇನಿಯದ ಮನೆತನದವಳು. ಪೂರ್ವದೇಶದ ಕ್ರೈಸ್ತರ ಮೇಲೆ ರಾಣಿಗೆ ಮಮತೆಯಿತ್ತು. ಆಕೆಯ ನೆರವಿನಿಂದ ರಾಜಿಯಾಯಿತು. ಮುದುಕನು ಹೊನ್ನನ್ನು ತೆಗೆದುಕೊಂಡು ಹಕ್ಕನ್ನು ಬಿಟ್ಟನು. ಹಳ್ಳಿಗಳು ಮಠಕ್ಕೆ ಉಳಿದವು.

ಈ ವ್ಯಾಜ್ಯದಲ್ಲಿ ಇಬ್ಬರ ಮಾತಿಗೂ ಆಧಾರವಿತ್ತು. ಸರದಾರನು ಹಳ್ಳಿಗಳಿಗಾಗಿ ಕಾದಾಡಿದ್ದನು. ಅರಸನ ಸೇವೆಯಲ್ಲಿ ಆಯುಷ್ಯದ ಬಹುಭಾಗವನ್ನು ಸೆರೆಮನೆಯಲ್ಲಿ ಕಳೆದಿದ್ದನು. ಸಂನ್ಯಾಸಿಗಳಾದರೋ ಆತನ ಜನ ಆ ನಾಡಿಗೆ ಕಾಲಿಡುವ ಮೊದಲೇ ಅಲ್ಲಿದ್ದರು. ಹಳೆಯ ಒಡೆತನವು ಹಿರಿದೋ ಗೆದ್ದವನ ಹಕ್ಕು ಹಿರಿದೋ ಎಂಬ ಪ್ರಶ್ನೆಗೆ ಅರಸನ ಸಭೆಯು ಉತ್ತರವನ್ನು ಹೇಳಲಿಲ್ಲ. ಹಣದಿಂದ ಅದನ್ನು ತೀರಿಸಿತು. ತಮ್ಮದಾಗಿದ್ದ ನೆಲಕ್ಕೆ ಮತ್ತೊಮ್ಮೆ ಬೆಲೆ ತೆತ್ತ ಸಂನ್ಯಾಸಿಗಳು ಅದನ್ನು ರಾಣಿಯ ಉಪಕಾರವೆಂದೇ ನೆನೆದರು.

ಪೂರ್ವದ ಕ್ರೈಸ್ತರು ಲ್ಯಾಟಿನರ ಕೆಳಗೆ ಬಾಳಿದ ಬಗೆಗೆ ಮತ್ತೊಂದು ಪತ್ರವೂ ನಿದರ್ಶನವಾಗಿದೆ. ಬೇತ್ ಗಿಬೆಲಿನ್ ಎಂಬ ಕೋಟೆಯು 1136ರಿಂದ ಸಂತ ಯೋಹಾನನ ಆಸ್ಪತ್ರೆಯ ಸಂಘದ ವಶದಲ್ಲಿತ್ತು. 1173ರಲ್ಲಿ ಆ ಸಂಘದ ಅಧ್ಯಕ್ಷನಾದ ಜೊಬೆರನು ಅಲ್ಲಿಯ ಸಂತ ಜಾರ್ಜನ ಮಠವನ್ನು ಗಾಜಾ ಮತ್ತು ಬೇತ್ ಗಿಬೆಲಿನ್ ಪ್ರಾಂತಗಳ ಗ್ರೀಕ್ ಹಾಗೂ ಸಿರಿಯನ್ ಕ್ರೈಸ್ತರ ಆರ್ಚ್‌ಬಿಷಪ್ಪನಾದ ಮೆಲೆತೋಸನಿಗೆ ಆತನ ಜೀವಮಾನದವರೆಗೆ ಕೊಟ್ಟನು. ಗ್ರೀಕರ ಧರ್ಮಗುರುವನ್ನು ಲ್ಯಾಟಿನರ ಸಂಘವು ತನ್ನ ಬಂಧುವೆಂದು ಒಪ್ಪಿಕೊಂಡುದು ಔದಾರ್ಯವೇ ಸರಿ. ಆದರೆ ದಾನವು ಜೀವಮಾನದವರೆಗೆ ಮಾತ್ರ, ಒಡೆತನವು ಸಂಘದ್ದೇ.

ಈ ಆಸ್ಪತ್ರೆಯ ಸಂಘವು ಮೊದಲಿಗೆ ಬಡ ಯಾತ್ರಿಕರ ಶುಶ್ರೂಷೆಗಾಗಿ ಏರ್ಪಟ್ಟುದು. 1113ರಲ್ಲಿ ಎರಡನೆಯ ಪಾಸ್ಕಲ್ ಪೋಪನು ಇದನ್ನು ನೇರವಾಗಿ ತನ್ನ ರಕ್ಷಣೆಗೆ ತೆಗೆದುಕೊಂಡನು. ಮುಂದೆ ಬಂದ ಪೋಪರ ಪತ್ರಗಳಿಂದ ಇದಕ್ಕೆ ಸ್ಥಳದ ಬಿಷಪ್ಪರ ಅಧಿಕಾರದಿಂದಲೂ ದಶಮಾಂಶದಿಂದಲೂ ವಿನಾಯಿತಿ ದೊರೆಯಿತು. ಸಂಘದ ಆಸ್ತಿ ಬೆಳೆದಂತೆಲ್ಲ ಬಿಷಪ್ಪರ ಆದಾಯವು ಕುಗ್ಗತೊಡಗಿತು. ಜಗಳವು ಎಷ್ಟಕ್ಕೆ ಹೋಯಿತೆಂದರೆ, ಪೇಟ್ರಿಯಾರ್ಕನು ಉಪದೇಶಕ್ಕೆ ನಿಂತಾಗಲೆಲ್ಲ ಎದುರಿಗಿದ್ದ ಆಸ್ಪತ್ರೆಯವರು ತಮ್ಮ ದೊಡ್ಡ ಗಂಟೆಗಳನ್ನು ಬಾರಿಸಿ ಆತನ ಮಾತು ಕೇಳಿಸದಂತೆ ಮಾಡುತ್ತಿದ್ದರೆಂದೂ, ಒಮ್ಮೆ ಪವಿತ್ರ ಸಮಾಧಿಯ ದೇವಾಲಯದೊಳಕ್ಕೇ ಬಾಣಗಳನ್ನು ಬಿಟ್ಟರೆಂದೂ, ಆ ಬಾಣಗಳನ್ನು ಕಟ್ಟಿ ತೂಗುಹಾಕಿದುದನ್ನು ತಾನು ಕಂಡೆನೆಂದೂ ತೂರಿನ ವಿಲಿಯಂ ಬರೆಯುತ್ತಾನೆ. ಪೇಟ್ರಿಯಾರ್ಕ್ ಫುಲ್ಚರನು ನೂರರ ಸಮೀಪದ ಮುಪ್ಪಿನಲ್ಲಿ 1155ರಲ್ಲಿ ಸಮುದ್ರವನ್ನು ದಾಟಿ ಪೋಪನ ಬಳಿಗೆ ಹೋಗಿ ಬರಿಗೈಯಲ್ಲಿ ಮರಳಿದನು. ವಿಲಿಯಮನು ತಾನೇ ಆರ್ಚ್‌ಬಿಷಪ್ಪನಾದುದರಿಂದ ಅವನ ಮಾತಿನಲ್ಲಿ ಪಕ್ಷಪಾತವಿರಬಹುದು. ಆದರೂ ಹತ್ತರಲ್ಲೊಂದು ಪಾಲಿಗಾಗಿ ದೇವರ ಸೇವಕರು ದೇವರ ಮನೆಯ ಮುಂದೆ ಕಾದಾಡಿದರೆಂಬುದು ಮರೆಮಾಚಲಾಗದ ಸಂಗತಿ.

ದಾನವು ಪ್ಯಾಲೆಸ್ತೀನಿನಲ್ಲಿ ಮಾತ್ರ ದೊರೆಯುತ್ತಿರಲಿಲ್ಲ. ಯೂರೋಪಿನ ಊರೂರುಗಳಲ್ಲಿಯೂ ಯೆರೂಸಲೇಮಿನ ಹೆಸರಿಗೆ ಹೊಲಮನೆಗಳನ್ನು ಬಿಡುತ್ತಿದ್ದರು. ಸ್ಪೇನಿನ ಆರಗಾನ್ ದೇಶದ ಅರಸನಾದ ಮೊದಲನೆಯ ಅಲ್ಫಾನ್ಸೋ 1131ರಲ್ಲಿ ಮರಣಶಾಸನವನ್ನು ಬರೆದು, ಮಕ್ಕಳಿಲ್ಲದ ತನ್ನ ರಾಜ್ಯವನ್ನೇ ಪವಿತ್ರ ಸಮಾಧಿಯ ದೇವಾಲಯ, ಆಸ್ಪತ್ರೆಯ ಸಂಘ, ಟೆಂಪ್ಲರ್ ಎಂಬ ಯೋಧಸಂನ್ಯಾಸಿಗಳ ಸಂಘ, ಈ ಮೂವರಿಗೆ ಸಮಭಾಗವಾಗಿ ಕೊಟ್ಟನು. 1134ರಲ್ಲಿ ಆತನು ತೀರಿಕೊಂಡಾಗ ಅಲ್ಲಿಯ ಪ್ರಭುಗಳು ಇದನ್ನು ನಡೆಯಗೊಡಲಿಲ್ಲ. ಮೂವರೂ ಕೆಲವು ವರ್ಷಗಳಲ್ಲಿ ಕೋಟೆ, ಭೂಮಿ, ಆದಾಯಗಳನ್ನು ಪಡೆದು ಹಕ್ಕನ್ನು ಬಿಟ್ಟುಕೊಟ್ಟರು. ಯೂರೋಪಿನ ಈ ಆಸ್ತಿಗಳೇ ಮುಂದೆ ಮಠಗಳಿಗೆ ಆಶ್ರಯವಾದವು.

ಪತ್ರಕ್ಕೆ ಇಷ್ಟು ಬೆಲೆ ಬಂದ ಮೇಲೆ ಕಪಟಪತ್ರಗಳು ಹುಟ್ಟಿದುದು ಆಶ್ಚರ್ಯವಲ್ಲ. ಯೆಹೋಷಾಫಾಟನ ಕಣಿವೆಯಲ್ಲಿದ್ದ ಸಂತ ಮರಿಯಳ ಮಠದ ದಫ್ತರದಲ್ಲಿ ಅರಸರ ಹೆಸರಿನ ಕೆಲವು ಪತ್ರಗಳು ಕೃತಕವೆಂದು ವಿದ್ವಾಂಸರು ತೋರಿಸಿಕೊಟ್ಟಿದ್ದಾರೆ. ಸಾಕ್ಷಿಗಳ ಹೆಸರು, ಇಸವಿ, ಬಿರುದು, ಒಕ್ಕಣೆಯ ರೀತಿ ಇವು ಒಂದಕ್ಕೊಂದು ಹೊಂದದಿರುವುದರಿಂದ ಇಂತಹ ಪತ್ರಗಳು ಬಯಲಾಗುತ್ತವೆ. ಆದರೆ ಕೃತಕ ಪತ್ರದಲ್ಲಿ ಹೇಳಿದ ಆಸ್ತಿಯೆಲ್ಲವೂ ಸುಳ್ಳಿನಿಂದ ಗಳಿಸಿದುದೆಂದು ತಿಳಿಯಬಾರದು. ನಿಜವಾಗಿ ದೊರೆತ ದಾನಕ್ಕೆ ಪತ್ರವಿಲ್ಲದಿದ್ದಾಗ, ಅಥವಾ ಇದ್ದ ಪತ್ರವು ಕಳೆದುಹೋದಾಗ, ಬೇಕಾದ ಪತ್ರವನ್ನು ತಾವೇ ಬರೆದುಕೊಳ್ಳುವುದು ಮಧ್ಯಯುಗದ ಯೂರೋಪಿನ ಮಠಗಳಲ್ಲಿಯೂ ಅಪರೂಪವಾಗಿರಲಿಲ್ಲ. ಅಂತಹ ಪತ್ರವು ದಾನಕ್ಕೆ ಸಾಕ್ಷಿಯಾಗದಿದ್ದರೂ ಬರೆದವರ ಭಯಕ್ಕೆ ಸಾಕ್ಷಿಯಾಗಿದೆ.

1187ನೆಯ ಇಸವಿ ಅಕ್ಟೋಬರ್ 2ರಂದು ಸಲಾವುದ್ದೀನ್ ಸುಲ್ತಾನನು ಯೆರೂಸಲೇಮನ್ನು ತೆಗೆದುಕೊಂಡನು. ಕ್ಯಾನನ್ನರೂ ಬೇಥಾನ್ಯದ ಸಂನ್ಯಾಸಿನಿಯರೂ ಪಟ್ಟಣವನ್ನು ಬಿಟ್ಟರು. ಮುಂದೆ ಫ್ರಾಂಕರು ಅಕ್ಕೋವನ್ನು ಮರಳಿ ಹಿಡಿದ ಮೇಲೆ ಅಲ್ಲಿ ನೆಲೆಸಿದರು. ಪೇಟ್ರಿಯಾರ್ಕನ ಅರಮನೆಯು ಸೂಫಿಗಳ ಆಶ್ರಮವಾಯಿತು; ಸಂತ ಅನ್ನಳ ಮಠವು ಮದರಸಾ ಆಯಿತು. ಈ ಸಂಸ್ಥೆಗಳು ನಡೆಯುವುದಕ್ಕಾಗಿ ಸುಲ್ತಾನನು ಆಸ್ತಿಗಳನ್ನು ವಕ್ಫ್ ಮಾಡಿ ಶಾಶ್ವತವಾಗಿ ಬಿಟ್ಟನು. ಲ್ಯಾಟಿನ್ ಭಾಷೆಯಲ್ಲಿ ಆಚಂದ್ರಾರ್ಕವಾಗಿ ಕೊಟ್ಟಿದ್ದ ನೆಲವೇ ಅರಬ್ಬೀ ಭಾಷೆಯಲ್ಲಿ ಮತ್ತೊಮ್ಮೆ ಶಾಶ್ವತವಾಗಿ ಕೊಡಲ್ಪಟ್ಟಿತು.

ಆದರೂ ಮಠಗಳು ಹಳೆಯ ಪತ್ರಗಳನ್ನು ಬಿಸುಡಲಿಲ್ಲ. ರಾಜ್ಯವು ಒಮ್ಮೆಯಲ್ಲ ಒಮ್ಮೆ ಮರಳಿ ಬಂದೀತು, ಆಗ ಹಕ್ಕನ್ನು ರುಜುಪಡಿಸಬೇಕಾದೀತು ಎಂಬ ನಂಬಿಕೆಯು ಅವರಲ್ಲಿತ್ತು. 13ನೆಯ ಶತಮಾನದಲ್ಲಿ ಕೆಲವು ಪ್ರಾಂತಗಳು ಮರಳಿ ದೊರೆತಾಗ ಆ ಪತ್ರಗಳು ಉಪಯೋಗಕ್ಕೂ ಬಂದವು. ಆದರೆ ಹೊಲಗಳನ್ನು ಕಾಪಾಡುವ ಬಲವು ಮಠಗಳಲ್ಲಿ ಉಳ್ಳಿರಲಿಲ್ಲ. 1255ರಲ್ಲಿ ತಾಬೋರ್ ಬೆಟ್ಟದ ಮಠವು ತನ್ನ ಆಸ್ತಿಯೊಡನೆ ಆಸ್ಪತ್ರೆಯ ಸಂಘಕ್ಕೆ ಸೇರಿಹೋಯಿತು. 1259ರಲ್ಲಿ ನಜರೇತಿನ ಆರ್ಚ್‌ಬಿಷಪ್ಪನು ತನ್ನ ಭೂಮಿಯನ್ನು ಅದೇ ಸಂಘಕ್ಕೆ ಗುತ್ತಿಗೆಗೆ ಕೊಟ್ಟನು. ದಶಮಾಂಶಕ್ಕಾಗಿ ನೂರು ವರ್ಷಗಳ ಹಿಂದೆ ಯಾರೊಡನೆ ಕಾದಾಡಿದ್ದರೋ ಅವರ ಆಸರೆಯನ್ನೇ ಧರ್ಮಗುರುಗಳು ಬಯಸಬೇಕಾಯಿತು. 1263ರಲ್ಲಿ ಬೈಬರ್ಸ್ ಸುಲ್ತಾನನ ಸೈನ್ಯವು ನಜರೇತಿನ ದೇವಾಲಯವನ್ನೂ ತಾಬೋರಿನ ಮಠವನ್ನೂ ಕೆಡವಿತು.

1291ನೆಯ ಇಸವಿ ಮೇ 18ರಂದು ಅಕ್ಕೋ ಬಿದ್ದಿತು. ಪವಿತ್ರ ಸಮಾಧಿಯ ಕ್ಯಾನನ್ನರು ಇಟಲಿಯ ಪೆರೂಜಿಯಾ ಪಟ್ಟಣದಲ್ಲಿ ನೆಲೆಸಿದರು. 1489ರಲ್ಲಿ ಪೋಪನ ಆಜ್ಞೆಯಿಂದ ಆ ಸಂಘವು ರದ್ದಾಗಿ ಅದರ ಆಸ್ತಿಯು ಆಸ್ಪತ್ರೆಯ ಸಂಘಕ್ಕೆ ಹೋಯಿತು. ಅವರ ಪತ್ರಗಳ ನಕಲು ಪುಸ್ತಕಗಳೆರಡು ವ್ಯಾಟಿಕನ್ನಿನಲ್ಲಿ ಉಳಿದು, 1849ರಲ್ಲಿ ಮೊದಲ ಬಾರಿಗೂ 1984ರಲ್ಲಿ ಪರಿಷ್ಕೃತವಾಗಿ ಮತ್ತೊಮ್ಮೆಯೂ ಅಚ್ಚಾದವು. ಯೆಹೋಷಾಫಾಟನ ಕಣಿವೆಯ ಮಠದ ಪತ್ರಗಳು ಸಿಸಿಲಿಗೆ ಹೋಗಿ ಈಗ ಪಲೆರ್ಮೋದಲ್ಲಿವೆ. ಆಸ್ಪತ್ರೆಯ ಸಂಘವು ತನ್ನ ದಫ್ತರವನ್ನು ಸೈಪ್ರಸ್ಸಿಗೂ, ಅಲ್ಲಿಂದ ರೋಡ್ಸ್ ದ್ವೀಪಕ್ಕೂ, 1530ರಲ್ಲಿ ಮಾಲ್ಟಾಕ್ಕೂ ಹೊತ್ತುಕೊಂಡು ಹೋಯಿತು. ತಾಬೋರ್ ಮಠದ ಪತ್ರಗಳೂ ಅದರೊಳಗೆ ಸೇರಿ ಉಳಿದವು. 1312ರಲ್ಲಿ ರದ್ದಾದ ಟೆಂಪ್ಲರ್ ಸಂಘದ ಪೂರ್ವದೇಶದ ದಫ್ತರವಾದರೋ ದೊರೆತಿಲ್ಲ. ಯೆರೂಸಲೇಮಿನ ಲ್ಯಾಟಿನ್ ಅರಸರ ಪತ್ರಗಳನ್ನು, ಕಳೆದುಹೋದವುಗಳ ಸುಳಿವುಗಳನ್ನೂ ಸೇರಿಸಿ, ಜರ್ಮನ್ ವಿದ್ವಾಂಸನಾದ ಹನ್ಸ್ ಎಬರ್‌ಹಾರ್ಡ್ ಮಾಯರನು 2010ರಲ್ಲಿ ನಾಲ್ಕು ಸಂಪುಟಗಳಲ್ಲಿ ಪ್ರಕಟಿಸಿದನು.

ಹೀಗೆ ನೆಲವು ಕೈಬಿಟ್ಟು ಏಳು ನೂರು ವರ್ಷಗಳಾದ ಮೇಲೂ ಅದರ ಹಕ್ಕುಪತ್ರಗಳು ಉಳಿದಿವೆ. ಅವುಗಳಿಂದ ಇಂದು ಯಾರೂ ಒಂದು ಗೇಣು ಭೂಮಿಯನ್ನೂ ಕೇಳಲಾರರು. ಬರೆಸಿದವರ ಉದ್ದೇಶಕ್ಕೆ ಅವು ನಿಷ್ಪ್ರಯೋಜಕವಾದುದರಿಂದಲೇ ಚರಿತ್ರೆಗೆ ಪ್ರಯೋಜಕವಾದವು. ಅರಸರು ತಮ್ಮ ಆತ್ಮದ ಸದ್ಗತಿಗಾಗಿ ಬರೆಸಿದ ಹಾಳೆಗಳಲ್ಲಿ, ಅವರು ನೆನೆಯದೇ ಇದ್ದ ಕಲಂದಿಯದ ನೇಮೆಸನೂ ಓವೆರ್ನಿನ ಬಡಗಿಯೂ ಹೆಂಡಿರು ಮಕ್ಕಳೊಡನೆ ದಾನವಾಗಿ ಹೋದ ಒಕ್ಕಲಿಗರೂ ಬದುಕಿಕೊಂಡಿದ್ದಾರೆ. ಆ ಒಕ್ಕಲಿಗರು ತಮ್ಮ ನೆಲದ ವಿಷಯವಾಗಿ ಏನೆಂದುಕೊಂಡರೆಂಬುದನ್ನು ಯಾರೂ ಬರೆದುಕೊಳ್ಳಲಿಲ್ಲ. ಸಿರಿಯನ್ ಸಂನ್ಯಾಸಿಯೊಬ್ಬನು ಪ್ರತಿಮಾಡಿದ ಗ್ರಂಥದ ಕೊನೆಯ ಹಾಳೆಯಲ್ಲಿ ನಾಲ್ಕು ಮಾತು ಬರೆದಿಡದೆ ಹೋಗಿದ್ದರೆ, ಬೇತ್ ಅರೀಫ್, ಅದೆಸಿಯ್ಯಾಗಳ ಕಥೆಯೂ ಅವರ ಕಥೆಯಂತೆಯೇ ಮಣ್ಣುಪಾಲಾಗುತ್ತಿತ್ತು.